ಕಂಬಕ್ಕೆ ಕಟ್ಟಿದ ಪ್ರಬಂಧ

ಜಲನಗರ, ವಿಜಯಪುರ
9 ಸೆಪ್ಟೆಂಬರ್ 2024

ಅಬ್ಬಾ,

ಸಲಾಂ. ಫೋನು ಕಿವಿಗೆ ಹಚ್ಚಿಕೊಂಡು ನೀವು "ಆಂ? ಆಂ?" ಅನ್ನುವುದು, ನಾನಿಲ್ಲಿ ಓಣಿಗೆಲ್ಲ ಕೇಳುವಂತೆ ಕೂಗುವುದು, ಇದು ಸಾಕಾಯಿತು. ನೀವು ಹೇಳಿದಂತೆ ಇನ್ನು ಮೇಲೆ ಕಾಗದ. ತಿಕೋಟಾ ಬಸ್ಸಿನ ಕಂಡಕ್ಟರ್ ಯಲ್ಲಾಲಿಂಗ ಅಣ್ಣನ ಕೈಯಲ್ಲಿ ಕೊಡುತ್ತೇನೆ, ಅಂಚೆಗಿಂತ ಬೇಗ ಮುಟ್ಟುತ್ತದೆ. ಮನೆಯಲ್ಲಿ ಉರ್ದು ಆಡುವ ನಾವು ಕಾಗದ ಮಾತ್ರ ಕನ್ನಡದಲ್ಲಿ ಬರೆಯುವುದನ್ನು ನೋಡಿ ರೂಮಿನ ಗೆಳತಿ ನಂದಾ ನಗುತ್ತಾಳೆ. "ನಮ್ಮ ಅಬ್ಬಾ ಜೀವನವೆಲ್ಲ ತಹಶೀಲ್ದಾರ ಕಚೇರಿ ಮುಂದೆ ಕೂತು ಅರ್ಜಿ ಬರೆದವರು, ಅವರ ಪೆನ್ನಿಗೆ ಬೇರೆ ಭಾಷೆ ಒಗ್ಗುವುದಿಲ್ಲ" ಅಂದೆ.

ಸುದ್ದಿ ಏನೆಂದರೆ, ನನ್ನ ಪ್ರಬಂಧ ವಾಪಸ್ ಬಂತು. ಪತ್ರಿಕೆಯಿಂದಲ್ಲ, ಅಲ್ಲಿಗೆ ಹೋಗುವ ಮೊದಲೇ, ನನ್ನ ಪಿಎಚ್‌ಡಿ ಗೈಡ್ ಸಿದ್ದರಾಮ ಸರ್ ಮೇಜಿನಿಂದ. ಒಂದಾದರೂ ಪ್ರಬಂಧವನ್ನು ದೊಡ್ಡ ಸಂಶೋಧನಾ ಪತ್ರಿಕೆ ಒಪ್ಪದೆ ನಾನು ಥೀಸಿಸ್ ಕೊಡುವಂತಿಲ್ಲ. ಜೂನ್ ಮುಗಿಯುವುದರೊಳಗೆ ಥೀಸಿಸ್ ಕೊಡದಿದ್ದರೆ ಇಲ್ಲಿಯ ಕಾಲೇಜಿನ ಲೆಕ್ಚರರ್ ಕೆಲಸದ ಸಂದರ್ಶನಕ್ಕೆ ಹೋಗುವಂತಿಲ್ಲ. ಎಲ್ಲ ಒಂದರ ಬಾಲಕ್ಕೆ ಒಂದು ಕಟ್ಟಿಕೊಂಡು ಕೂತಿವೆ.

ಜೈನಾಪುರದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡುಗಳಲ್ಲಿ ಹಂಗಾಮಿನ ಮೇಲೆ ಹಂಗಾಮು ಅಲೆದು ನಾನು ಕಂಡುಕೊಂಡದ್ದು ಇಷ್ಟು. ದ್ರಾಕ್ಷಿಯನ್ನು ಒಣಹಾಕುವ ಮೊದಲು ಔಷಧದ ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರಲ್ಲ, ಅದೇ ನೀರಿನಲ್ಲಿ ಅದ್ದುತ್ತಲೇ ಹೋದರೆ ಅದರ ಕಸುವು ಇಳಿಯುತ್ತದೆ. ಕೊನೆಗೆ ಅದ್ದಿದ ಹಣ್ಣು ತಡವಾಗಿ ಒಣಗಿ ಕಪ್ಪಾಗುತ್ತದೆ. ಜನ ಮೋಡಕ್ಕೆ ಬೈಯುತ್ತಾರೆ, ಇಬ್ಬನಿಗೆ ಬೈಯುತ್ತಾರೆ, ಶೆಡ್ಡಿನ ದಿಕ್ಕಿಗೆ ಬೈಯುತ್ತಾರೆ. ತಪ್ಪು ತೊಟ್ಟಿಯಲ್ಲಿದೆ. ನೀರು ಕಡಿಮೆಯಾದಾಗ ಮೇಲೆ ಹೊಸ ನೀರು ಸುರಿದರೆ ಆಗುವುದಿಲ್ಲ, ಹಳೆಯದನ್ನು ಪೂರ್ತಿ ಚೆಲ್ಲಿ ಬೇರೆ ಮಾಡಬೇಕು.

ಇಂಗ್ಲಿಷಿನಲ್ಲೂ ಇಷ್ಟೇ ಸರಳವಾಗಿ ಬರೆದಿದ್ದೆ. ಸರ್ ಓದಿ ಕನ್ನಡಕ ತೆಗೆದರು.

"ನೋಡವಾ ಇರ್ಫಾನಾ, ಕೆಲಸ ಭಾರಿ ಐತಿ. ಆದ್ರ ಬರದದ್ದು ಸಾಲಿ ಹುಡುಗರ ನಿಬಂಧ ಆಗೇತಿ. ಹಿಂಗ ಕಳಿಸಿದ್ರ ಅವರು ಎರಡನೇ ಹಾಳಿ ತಿರುವೂದಿಲ್ಲ."

"ಯಾಕ್ರಿ ಸರ್, ತಿಳಿಯೂದಿಲ್ಲೇನ್ರಿ?"

"ತಿಳೀತೈತಿ. ಅದ ತೊಂದ್ರಿ."

ಅಬ್ಬಾ, ನನಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿದೆ. ತಿಳಿಯುವುದು ತೊಂದರೆ ಹೇಗಾಗುತ್ತದೆ? ನೀವು ಬರೆದೇ ಬದುಕಿದವರು, ನೀವು ಹೇಳಿ.

ಅಮ್ಮಿಗೆ ಸಲಾಂ ತಿಳಿಸಿ.

ನಿಮ್ಮ
ಇರ್ಫಾನಾ


ತಿಕೋಟಾ
13 ಸೆಪ್ಟೆಂಬರ್ 2024

ಚಿ. ಇರ್ಫಾನಾಳಿಗೆ,

ಈ ಕೆಳಗೆ ಸಹಿ ಮಾಡಿದ ಮಶಾಕಸಾಬ, ಉದ್ಯೋಗ ನಿವೃತ್ತ ಅರ್ಜಿ ಬರಹಗಾರ, ಸಾಕೀನ ತಿಕೋಟಾ, ತನ್ನ ಮಗಳಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಪತ್ರವು ಯಲ್ಲಾಲಿಂಗನ ಮುಖಾಂತರ ಕೈಸೇರಿತು. ನಾನೂ ನಿನ್ನ ತಾಯಿ ಆಶಾಬಿಯೂ ಕ್ಷೇಮ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನನ್ನ ಅಭಿಪ್ರಾಯವೆಂದರೆ, ನಿನ್ನ ಸರ್ ಹೇಳಿದ್ದು ನೂರಕ್ಕೆ ನೂರು ಖರೆ. ಹೊಸದಾಗಿ ಕಚೇರಿ ಮುಂದೆ ಕೂತಾಗ ನಾನೂ ನಿನ್ನ ಹಾಗೆಯೇ ಬರೆಯುತ್ತಿದ್ದೆ. "ನನ್ನ ಹೊಲದ ದಾರಿ ಮುಚ್ಚಿದ್ದಾರೆ, ತೆರೆಸಿಕೊಡಿ." ಗುಮಾಸ್ತ ಅದನ್ನು ಓದಿ, "ಇದನ್ನ ಬಾಯಿಲೆ ಹೇಳಿದ್ರ ಆಗ್ತಿತ್ತಲಾ, ಕಾಗದ ಯಾಕ ಹಾಳ ಮಾಡಿದಿ?" ಎಂದು ರೈತನ ಕೈಗೇ ತಿರುಗಿ ಕೊಟ್ಟ. ಮರುದಿನ ಅದನ್ನೇ "ಅನಾದಿಕಾಲದಿಂದ ವಹಿವಾಟಿನಲ್ಲಿರುವ ಹಾದಿಯನ್ನು ಸದರಿ ಎದುರುದಾರನು ದುರುದ್ದೇಶಪೂರ್ವಕವಾಗಿ ಅಡ್ಡಗಟ್ಟಿದ ಕಾರಣ" ಎಂದು ಬರೆದೆ. ಅದೇ ಗುಮಾಸ್ತ ಎದ್ದು ಒಳಗೆ ಒಯ್ದ. ರೈತನಿಗೆ ಕೂಡಲು ಬೆಂಚು ತೋರಿಸಿದ. ದಪ್ಪ ಬರಹವೆಂದರೆ ಇಸ್ತ್ರಿ ಮಾಡಿದ ಅಂಗಿ ಇದ್ದಂತೆ. ಒಳಗಿನ ಮನುಷ್ಯ ಅವನೇ, ಆದರೆ ಬೆಂಚು ಸಿಗುತ್ತದೆ.

ಬರೆಸಿದವನೂ ಹಾಗೆಯೇ. ಓದಿ ಹೇಳಿದಾಗ ಎಲ್ಲ ತಿಳಿದುಬಿಟ್ಟರೆ ಮುಖ ಸಣ್ಣದು ಮಾಡುತ್ತಿದ್ದ. ತಿಳಿಯದಿದ್ದರೆ "ಭಾರಿ ಬರದ್ರಿ ಸಾಬ್ರ" ಎಂದು ಚಹಾ ಕುಡಿಸುತ್ತಿದ್ದ.

ಆದಕಾರಣ ಹಟ ಬಿಟ್ಟು ದಪ್ಪ ಮಾಡತಕ್ಕದ್ದು.

ನಿನ್ನ ಅಬ್ಬಾ
ಮಶಾಕಸಾಬ

ತಾ.ಕ.: ನೀನು ಮಣೂಕದ ಬಗ್ಗೆ ಬರೆದದ್ದು ಇಷ್ಟೇನಾ? ಇನ್ನೂ ಇರಬೇಕಲ್ಲ.


ಜಲನಗರ, ವಿಜಯಪುರ
6 ಅಕ್ಟೋಬರ್ 2024

ಅಬ್ಬಾ,

ನಿಮ್ಮ ಕಾಗದವನ್ನು ನಂದಾಳಿಗೆ ಓದಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, "ಮಾತು ಖರೇನ ಐತೇನು? ನೋಡೇಬಿಡೂಣು" ಅಂದಳು. ವಿಜ್ಞಾನ ಓದಿದವರು ಬರೀ ನಕ್ಕು ಬಿಡಬಾರದಲ್ಲ.

ನನ್ನ ಪ್ರಬಂಧದ ಕೊನೆಯ ಅರ್ಧ ಪುಟವನ್ನು ಎರಡು ರೀತಿಯಲ್ಲಿ ಬರೆದೆವು. ಒಂದು ತೆಳ್ಳಗೆ, ನಾನು ಮೊದಲು ಬರೆದಂತೆ. ಇನ್ನೊಂದು ದಪ್ಪಗೆ. ಹೇಳುವ ಮಾತು ಒಂದೇ, ಅಂಕಿಸಂಖ್ಯೆ ಒಂದೇ. ಹೆಸರು ಹಾಕದೆ, ನಮ್ಮಲ್ಲಿಯ ಮತ್ತು ಬೇರೆ ಕಾಲೇಜುಗಳ ಮೇಷ್ಟ್ರುಗಳಿಗೆ ಹಂಚಿದೆವು. ಕೆಲವರಿಗೆ ತೆಳ್ಳಗಿನದು, ಕೆಲವರಿಗೆ ದಪ್ಪದ್ದು. ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಬರೆದವರ ಪಾಂಡಿತ್ಯಕ್ಕೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ?

ಅಬ್ಬಾ, ದಪ್ಪದ್ದಕ್ಕೆ ಎಂಟರ ಕೆಳಗೆ ಕೊಟ್ಟವರೇ ಕಡಿಮೆ. ತೆಳ್ಳಗಿನದು ಐದು ದಾಟಲು ಒದ್ದಾಡಿತು. ಒಬ್ಬರಿಗೆ ನಂದಾ ತಪ್ಪಿ ಎರಡನ್ನೂ ಕೊಟ್ಟಿದ್ದಳು. ಅವರು ಒಂದರ ಮೇಲೆ "ವಿದ್ಯಾರ್ಥಿ ಇನ್ನೂ ಓದಬೇಕು" ಎಂದೂ ಇನ್ನೊಂದರ ಮೇಲೆ "ಪ್ರೌಢ, ಮೌಲಿಕ ಚಿಂತನೆ" ಎಂದೂ ಬರೆದು ಕಳಿಸಿದರು. ಎರಡೂ ಒಂದೇ ಎಂಬುದು ಅವರಿಗೆ ಹೊಳೆದೇ ಇಲ್ಲ.

ಸಿದ್ದರಾಮ ಸರ್‌ಗೂ ಒಂದು ಹಾಳೆ ಹೋಗಿತ್ತು. ಆಮೇಲೆ ಗುಟ್ಟು ಹೇಳಿದೆವು. ಬೈಯುತ್ತಾರೆ ಅಂದುಕೊಂಡಿದ್ದೆ, ಅವರು ನಕ್ಕರು. "ನನ್ನ ಮೊದಲನೇ ಪ್ರಬಂಧ ನೀರಿನಂಗ ತಿಳಿ ಇತ್ತವಾ. ಇದರಾಗ ಹೊಸಾದೇನೈತಿ ಅಂತ ಬರದು ತಿರುಗಿ ಕಳಿಸಿದ್ರು. ಆಮ್ಯಾಲೆ ನಾನೂ ಕಲತೆ" ಅಂದರು. ನಗುತ್ತಲೇ ಹೇಳಿದರು.

ನೀವು ಗೆದ್ದಿರಿ. ಆದರೆ ನನಗೆ ಇನ್ನೂ ಒಂದು ಪ್ರಶ್ನೆ ಉಳಿದಿದೆ. ಅಂಕ ಕೊಟ್ಟವರಲ್ಲಿ ಯಾರೊಬ್ಬರೂ ಮಣೂಕ ಯಾಕೆ ಕಪ್ಪಾಗುತ್ತದೆ ಎಂದು ನನ್ನನ್ನು ಕೇಳಲಿಲ್ಲ.

ನಿಮ್ಮ
ಇರ್ಫಾನಾ


ತಿಕೋಟಾ
11 ಅಕ್ಟೋಬರ್ 2024

ಚಿ. ಇರ್ಫಾನಾಳಿಗೆ,

ಕಚೇರಿಯ ಮುಂದೆ ಕೂತು ಬಿಸಿಲು ಕುಡಿದು ಕಲಿತ ವಿದ್ಯೆಯನ್ನು ಕಡೆಗೂ ವಿಶ್ವವಿದ್ಯಾಲಯದವರು ಮಾನ್ಯ ಮಾಡಿದ ಬಗ್ಗೆ ನನಗೆ ಅತೀವ ಹರ್ಷವಾಗಿದೆ. ನಿನ್ನ ಪತ್ರವನ್ನು ಚಹಾದ ಅಂಗಡಿಯಲ್ಲಿ ನಾಲ್ಕು ಜನರ ಎದುರು ಓದಿದೆ. ಘೋಣಸಗಿಯ ಅಮರಪ್ಪನೂ ಇದ್ದ. ನಿನಗೆ ನೆನಪಿರಬೇಕು, ನನ್ನ ಹಳೇ ದೋಸ್ತ, ದ್ರಾಕ್ಷಿ ತೋಟದವ. ನಾನು ಅವನ ಹೊಲದ ದಾರಿಯ ಅರ್ಜಿ ಬರೆದವನು. "ಅಂದ್ರ ನಿಮ್ಮ ಹುಡಿಗಿ ನಮ್ಮ ಮಣೂಕದ ಮ್ಯಾಲೆ ಬರಿಯಾಕತ್ಯಾಳ? ಅಚ್ಚಾತಂದ್ರ ನನಗೊಂದು ಪ್ರತಿ ಬೇಕ್ರಿ ಸಾಬ್ರ" ಎಂದ.

ನಿನ್ನ ಉಳಿದ ಪ್ರಶ್ನೆಗೆ ಉತ್ತರ: ಕೇಳುವುದು ಅವರ ಕೆಲಸವಲ್ಲ. ಅಂಕ ಕೊಡುವುದು ಅವರ ಕೆಲಸ. ನೀನು ನಿನ್ನ ಕೆಲಸ ಮಾಡು.

ನಿನ್ನ ಅಬ್ಬಾ
ಮಶಾಕಸಾಬ


ಜಲನಗರ, ವಿಜಯಪುರ
1 ಡಿಸೆಂಬರ್ 2024

ಅಬ್ಬಾ,

ದಪ್ಪ ಮಾಡಿದೆ. ಪೂರ್ತಿ ಪ್ರಬಂಧವನ್ನು.

ಮೊದಮೊದಲು ಕಷ್ಟವಾಯಿತು, ಆಮೇಲೆ ಚಟ ಹತ್ತಿತು. ನೇರವಾಗಿ ಹೇಳುವ ಕಡೆ ಸುತ್ತು ಹಾಕಿದೆ, ಸುತ್ತಿನೊಳಗೆ ಮತ್ತೊಂದು ಸುತ್ತು. ಕೆಲವು ಕಡೆ ಬರೆದ ಮೇಲೆ ನನಗೇ ನನ್ನ ಮೇಲೆ ಗೌರವ ಬಂತು, ಸುಳ್ಳು ಹೇಳುವುದಿಲ್ಲ. ಸರ್ ಓದಿ, "ಈಗ ನೋಡವಾ, ವಿಜ್ಞಾನ ಆತು" ಎಂದರು. ಪತ್ರಿಕೆಗೆ ಕಳಿಸಿಯಾಯಿತು.

ಅಮರಪ್ಪ ಕಾಕಾ ಪ್ರತಿ ಕೇಳಿದ್ದಾರೆ ಎಂದಿರಲ್ಲ, ನಿಮಗೂ ಅವರಿಗೂ ಎಂದು ಮುಖ್ಯ ಭಾಗವನ್ನು ಕನ್ನಡದಲ್ಲಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ನೀವು ಮೆಚ್ಚಬೇಕೆಂದು ಕನ್ನಡವನ್ನೂ ತೆಳ್ಳಗೆ ಬಿಡಲಿಲ್ಲ. ಕೊನೆಯ ವಾಕ್ಯ ನೋಡಿ: "ಪುನರಾವರ್ತಿತ ನಿಮಜ್ಜನಕ್ಕೊಳಪಟ್ಟ ಕ್ಷಾರೀಯ ದ್ರಾವಣದ ಕ್ರಿಯಾಶೀಲತೆಯ ಕ್ಷೀಣತೆಯು ಫಲಗಳ ನಿರ್ಜಲೀಕರಣದ ಗತಿಯ ಮೇಲೂ ತತ್ಪರಿಣಾಮವಾಗಿ ವರ್ಣಸ್ಥಿರತೆಯ ಮೇಲೂ ಪ್ರತಿಕೂಲವೆನ್ನಬಹುದಾದ ಪ್ರಭಾವವನ್ನು ಬೀರುವ ಸಾಧ್ಯತೆಯನ್ನು ಪ್ರಸ್ತುತ ಅಧ್ಯಯನವು ಸೂಚಿಸುತ್ತದೆ."

ಹೇಗಿದೆ? ನಿಮ್ಮ ಮಗಳು ಹೌದೋ ಅಲ್ಲವೋ?

ನಿಮ್ಮ
ಇರ್ಫಾನಾ


ತಿಕೋಟಾ
19 ಜನವರಿ 2025

ಚಿ. ಇರ್ಫಾನಾಳಿಗೆ,

ಪತ್ರ ಬರೆಯಲು ವಿಳಂಬವಾದದ್ದಕ್ಕೆ ಕಾರಣ, ನಿನ್ನ ಪ್ರಬಂಧದ ಸಲುವಾಗಿ ನಾನು ಊರೂರು ತಿರುಗುತ್ತಿದ್ದೆ. ಮೊನ್ನೆ ಬಬಲೇಶ್ವರದಲ್ಲಿ ದ್ರಾಕ್ಷಿ ಬೆಳೆಗಾರರು ಕೂಡಿದ್ದರು. ಅಮರಪ್ಪ ನನ್ನನ್ನು ಕರೆದುಕೊಂಡು ಹೋಗಿ, "ಸಾಬ್ರ ಮಗಳ ಬರದಾಳ, ಕೇಳ್ರಿ" ಎಂದು ನಿಲ್ಲಿಸಿದ. ನಾನು ಎದ್ದು ನಿಂತು ಪೂರ್ತಿ ಓದಿದೆ. ಇರ್ಫಾನಾ, ಒಬ್ಬರೂ ಪಿಟ್ಟೆನ್ನಲಿಲ್ಲ. ಮುಗಿದ ಮೇಲೆ ಶಾಲು ಹೊದಿಸಿದರು. ಆ ಶಾಲು ನಿನ್ನದು, ನಿನ್ನ ಅಮ್ಮಿ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದಾಳೆ.

ನಿಜ ಹೇಳಬೇಕೆಂದರೆ ನನಗೂ ಪೂರ್ತಿ ತಿಳಿಯಲಿಲ್ಲ. ಅದಕ್ಕೇ ಎದೆ ಉಬ್ಬಿತು. ಮಗಳು ಅಪ್ಪನಿಗೆ ತಿಳಿಯದಷ್ಟು ಓದಿದ್ದಾಳೆ ಎಂದರೆ ಅಪ್ಪನಿಗೆ ಇನ್ನೇನು ಬೇಕು.

ಅಮರಪ್ಪ ನಿನ್ನ ಹಾಳೆಗಳಿಗೆ ಲ್ಯಾಮಿನೇಶನ್ ಮಾಡಿಸಿ ಶೆಡ್ಡಿನ ಕಂಬಕ್ಕೆ ಕಟ್ಟಿದ್ದಾನೆ. ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ್ದಾನೆ. ಈ ಹಂಗಾಮಿನ ಮೊದಲ ಹಣ್ಣು ಅದರ ಕೆಳಗೇ ಅದ್ದುತ್ತಾನಂತೆ.

ನಿನ್ನ ಅಬ್ಬಾ
ಮಶಾಕಸಾಬ


ಜಲನಗರ, ವಿಜಯಪುರ
8 ಫೆಬ್ರವರಿ 2025

ಅಬ್ಬಾ,

ಪತ್ರಿಕೆ ಒಪ್ಪಿಕೊಂಡಿತು! ಅಚ್ಚಿನ ಕರಡು ಬರುವುದಷ್ಟೇ ಬಾಕಿ. ಪರೀಕ್ಷಕರಲ್ಲಿ ಒಬ್ಬರು "ಬರವಣಿಗೆಯ ಗಾಂಭೀರ್ಯ ಗಮನಾರ್ಹ" ಎಂದಿದ್ದಾರೆ. ನಂದಾ ಪೇಢೆ ತಂದಳು. ಸರ್ ಸಂದರ್ಶನಕ್ಕೆ ಈಗಿನಿಂದಲೇ ತಯಾರಾಗು ಎನ್ನುತ್ತಿದ್ದಾರೆ.

ಬಬಲೇಶ್ವರದ ಸುದ್ದಿ ಓದಿ ಕಣ್ಣಲ್ಲಿ ನೀರು ಬಂತು. ಒಂದು ಮಾತು ಕೇಳಬೇಕಿತ್ತು. ಓದಿ ಮುಗಿಸಿದ ಮೇಲೆ ಅವರು ಏನಾದರೂ ಕೇಳಿದರೇ? ತೊಟ್ಟಿಯ ಬಗ್ಗೆ? ನೀರಿನ ಬಗ್ಗೆ?

ನಿಮ್ಮ
ಇರ್ಫಾನಾ


ತಿಕೋಟಾ
27 ಫೆಬ್ರವರಿ 2025

ಇರ್ಫಾನಾ,

ಯಾರೂ ಏನೂ ಕೇಳಲಿಲ್ಲ.

ಅಮರಪ್ಪ ಒಣಹಾಕಿದ ಮೊದಲ ಫಡದ ಹಣ್ಣು ಕೆಟ್ಟಿತು. ನಿನ್ನೆ ಹೋಗಿದ್ದೆ. ಒಣಹಾಕುವ ಜಾಳಿಗೆಗಳಲ್ಲಿ ಮೇಲಿನ ಅಂತಸ್ತಿನ ಹಣ್ಣು ಚೆಂದ ಹಸಿರಾಗಿ ಒಣಗಿದೆ, ಕೆಳಗಿನವು ಅರ್ಧಕ್ಕರ್ಧ ಕಪ್ಪು. ಮೇಲಿನಿಂದ ಹರವುತ್ತ ಬರುತ್ತಾರೆ, ಕೆಳಗಿನವು ಕೊನೆಗೆ ಅದ್ದಿದವು. ಅವನು ಶೆಡ್ಡಿನ ದಿಕ್ಕನ್ನೇ ಬೈಯುತ್ತಿದ್ದ. ನಿನ್ನ ಪ್ರಬಂಧ ಅವನ ತಲೆಯ ಮೇಲೆ ಮಾಲೆ ಹಾಕಿಕೊಂಡು ನೇತಾಡುತ್ತಿತ್ತು.

ಆಗ ನನಗೆ ನಿನ್ನ ಸೆಪ್ಟೆಂಬರ್ ಕಾಗದದ ಮಾತು ತಲೆಗೆ ಬಂತು. ನೀನು ನನಗೆ ತಿಳಿಯುವಂತೆ ಬರೆದಿದ್ದೆ. ನಾನು ಅದನ್ನು ಅವನಿಗೆ ಹೇಳಲಿಲ್ಲ. ಯಾಕೆಂದರೆ ಅದು ಬಹಳ ಸಣ್ಣ ಮಾತಾಗಿ ಕಂಡಿತ್ತು. ಪ್ರಬಂಧದಲ್ಲಿ ಬೇರೆ ಏನೋ ದೊಡ್ಡದು ಇರಬೇಕು ಎಂದುಕೊಂಡಿದ್ದೆ. ಪ್ರಬಂಧದಲ್ಲಿ ಇರುವುದೂ ಅದೇ ಏನು? ಬರಿ.

ಅಬ್ಬಾ


ಜಲನಗರ, ವಿಜಯಪುರ
15 ಮಾರ್ಚ್ 2025

ಅಬ್ಬಾ,

ನಿಮ್ಮ ಪ್ರಶ್ನೆಗೆ ಕೂಡಲೇ ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ನಿಮ್ಮ ಮೇಲೋ ನನ್ನ ಮೇಲೋ ಗೊತ್ತಾಗುತ್ತಿರಲಿಲ್ಲ. ಹೌದು, ಪ್ರಬಂಧದಲ್ಲಿ ಇರುವುದೂ ಅಷ್ಟೇ.

ಮೊನ್ನೆ ಘೋಣಸಗಿಗೆ ಹೋಗಿ ಬಂದೆ. ತಿಕೋಟಾದಲ್ಲಿ ಬಸ್ಸು ನಿಂತಾಗ ನಮ್ಮ ಓಣಿ ಕಾಣುತ್ತಿತ್ತು, ಇಳಿಯಲಿಲ್ಲ. ಯಲ್ಲಾಲಿಂಗ ಅಣ್ಣ "ಯಾಕವಾ, ಮನಿಗೆ ಹೋಗೂದಿಲ್ಲೇನು? ರಂಜಾನ್ ಬ್ಯಾರೆ" ಎಂದ. ನಾನು ಕಿಟಕಿಯ ಗಾಜು ಎಳೆದುಕೊಂಡೆ.

ಅಮರಪ್ಪ ಕಾಕಾ ನನ್ನನ್ನು ನೋಡಿ ಆಳುಗಳನ್ನೆಲ್ಲ ಕರೆದರು. "ಬಾರವಾ ಡಾಕ್ಟರ್!" ಎಂದರು. ಕೂಡಲು ಕುರ್ಚಿ ಹಾಕಿಸಿದರು, ಕಂಬದ ಕೆಳಗೇ. ಪಕ್ಕದ ತೊಟ್ಟಿಯಲ್ಲಿ ಹಳೆಯ ನೀರು ಕಂದು ಬಣ್ಣಕ್ಕೆ ತಿರುಗಿ ನಿಂತಿತ್ತು. ಒಬ್ಬ ಅದರ ಮೇಲೆ ಹೊಸ ನೀರು ಸುರಿಯುತ್ತಿದ್ದ.

"ಕಾಕಾ, ಇದನ್ನ ಓದಿರೇನ್ರಿ?" ಎಂದು ಕೇಳಿದೆ.

"ಏ, ಓದಾಕ ಬರತೈತವಾ ನನಗ, ದಿನಾ ಪೇಪರ್ ಓದತೇನಿ. ಆದ್ರ ಅದು ಓದೂದಲ್ಲ. ನಮ್ಮ ಕಡೀ ಹುಡಿಗಿ ಬರದದ್ದು, ಶೆಡ್ಡಿನಾಗ ಇದ್ರ ಒಂದು ಕಳಾ."

"ಮಣೂಕ ಯಾಕ ಕಪ್ಪಾಗತಾವ ಅನ್ನೂದು ಇದರಾಗ ಐತ್ರಿ. ನೀರು ಬದಲ ಮಾಡಬೇಕ್ರಿ ಕಾಕಾ. ಹಳೇದು ಪೂರ್ತಿ ಚೆಲ್ಲಿ ಹೊಸಾದು ಮಾಡಬೇಕು. ಅಷ್ಟ."

ಅವರು ನನ್ನ ಮುಖ ನೋಡಿ ನಕ್ಕರು, ಮಗುವನ್ನು ನೋಡಿ ನಗುವಂತೆ.

"ನನ್ನ ಸಮಾಧಾನಕ್ಕ ಹೇಳಾಕತ್ತಿ ಬಿಡವಾ. ಇಷ್ಟುದ್ದ ಬರದದ್ದರಾಗ ಬರೇ ನೀರಿನ ಮಾತು ಇರತೈತೇನು? ದೊಡ್ಡ ಮಾತು ಇರಬೇಕು. ನಮ್ಮ ತಲಿಗೆ ಹತ್ತೂದಲ್ಲ, ಇರಲಿ."

ಅಬ್ಬಾ, ನಾನು ಎದುರಿಗೆ ನಿಂತು ಬಾಯಿಬಿಟ್ಟು ಹೇಳಿದರೂ ಅವರು ನಂಬಲಿಲ್ಲ. ನನ್ನನ್ನು ನಂಬದಂತೆ ಮಾಡಿದ್ದು ನನ್ನದೇ ಬರಹ. ನನಗೆ ಅಲ್ಲೇ ಅಳು ಬಂತು. ಕುರ್ಚಿ ಹತ್ತಿ ಕಂಬದ ಹಾಳೆಗಳನ್ನು ಬಿಚ್ಚಿದೆ. ಕಾಕಾ ಗಾಬರಿಯಾದರು. "ಇದರಾಗ ತಪ್ಪೈತ್ರಿ ಕಾಕಾ, ತಿದ್ದಿ ಕಳಸತೇನಿ" ಎಂದು ಹೇಳಿ ಬಂದೆ.

ರೂಮಿಗೆ ಬಂದರೆ ಅಚ್ಚಿನ ಕರಡು ಬಂದಿತ್ತು. ಓದಲು ಕೂತೆ. ನಾನೇ ಬರೆದ ಮೂರನೆಯ ಪುಟ ನನಗೆ ಎರಡು ಸಲ ಓದಿದ ಮೇಲೆ ತಿಳಿಯಿತು.

ಬೆಳಿಗ್ಗೆ ಸರ್ ಹತ್ತಿರ ಹೋಗಿ, ಇದನ್ನು ವಾಪಸ್ ತೆಗೆದುಕೊಂಡು ತೆಳ್ಳಗೆ ಬರೆದು ಕಳಿಸುತ್ತೇನೆ ಎಂದೆ. ಅವರು, "ರೈತರಿಗೆ ಬ್ಯಾರೆ ಹಾಳಿ ಬರದು ಕೊಡವಾ, ಪತ್ರಿಕಿಗೆ ಇದು ಇರಲಿ. ಬದಲ ಮಾಡಿದ್ರ ಮತ್ತ ಪರೀಕ್ಷಕರ ಕಡೆ ಹೋಗತೈತಿ. ಜೂನ್ ಮರತಬಿಡು" ಎಂದರು. ಅವರ ಮಾತು ನ್ಯಾಯದ್ದೇ. ಆದರೆ ಎರಡು ಇದ್ದರೆ ಎಲ್ಲರೂ ದಪ್ಪದ್ದನ್ನೇ ಖರೆ ಎನ್ನುತ್ತಾರೆ, ಕಾಕಾ ಅಂದಂತೆ. ನಾಳೆ ಇದೇ ವಿಷಯ ಹಿಡಿದು ಬರುವ ಇನ್ನೊಬ್ಬ ಹುಡುಗಿಯೂ ಅದನ್ನೇ ನೋಡಿ ಕಲಿಯುತ್ತಾಳೆ. ನನ್ನ ಹೆಸರಿನ ಕೆಳಗೆ ಒಂದೇ ಮಾತು ಇರಲಿ.

ಇನ್ನೂ ಕಳಿಸಿಲ್ಲ. ನಿಮಗೆ ಹೇಳದೆ ಕಳಿಸಲು ಮನಸ್ಸಾಗಲಿಲ್ಲ.

ನಿಮ್ಮ
ಇರ್ಫಾನಾ


ತಿಕೋಟಾ
18 ಮಾರ್ಚ್ 2025

ಇರ್ಫಾನಾ,

ಬೇಡ. ಕಳಿಸಬೇಡ.

ನಾನು ಜೀವನಪೂರ್ತಿ ಕಚೇರಿಯ ಹೊರಗೆ ಕೂತವನು. ಒಳಗಿನ ಕುರ್ಚಿ ಹೇಗಿರುತ್ತದೆ ಎಂದು ಬಾಗಿಲಿನಿಂದ ನೋಡಿದ್ದೇನೆ, ಕೂತಿಲ್ಲ. ನೀನು ಕೂಡಬೇಕು. ಸಂದರ್ಶನ ಬಿಟ್ಟರೆ ಮತ್ತೆ ಯಾವಾಗ ಕರೆಯುತ್ತಾರೋ. ಅಮರಪ್ಪನ ಮಣೂಕಕ್ಕಾಗಿ ನಿನ್ನ ನೌಕರಿ ಹೋಗಬೇಕೇ? ಅವನ ತೊಟ್ಟಿಯ ನೀರನ್ನು ನಾನೇ ಹೋಗಿ ಚೆಲ್ಲಿ ಬರುತ್ತೇನೆ, ಬೇಕಾದರೆ ಜಗಳ ಮಾಡಿ.

ಮನೆಯ ಮುಂದೆ ಬಸ್ಸಿನಲ್ಲಿ ಹಾದು ಹೋದೆಯಂತೆ. ನಿನ್ನ ಅಮ್ಮಿಗೆ ಹೇಳಿಲ್ಲ. ಅವಳು ದಿನಾ ಸಂಜೆ ರೋಜಾದ ಉಪವಾಸ ಬಿಡುವಾಗ ನಿನಗೊಂದು ಖರ್ಜೂರ ತೆಗೆದಿಡುತ್ತಾಳೆ.

ಅಬ್ಬಾ


ಜಲನಗರ, ವಿಜಯಪುರ
23 ಮಾರ್ಚ್ 2025

ಅಬ್ಬಾ,

ನಿಮ್ಮ ಕಾಗದ ಓದಿದೆ. ಮತ್ತೆ ಮತ್ತೆ ಓದಿದೆ. ಆಮೇಲೆ ಕಳಿಸಿದೆ.

ಸಿಟ್ಟಾಗಬೇಡಿ. ಆಗಿ, ಆದರೆ ಹಬ್ಬದೊಳಗೆ ಮುಗಿಸಿ. ಹಬ್ಬಕ್ಕೆ ಬರುತ್ತೇನೆ, ಈ ಸಲ ಬಸ್ಸಿನಿಂದ ಇಳಿಯುತ್ತೇನೆ ಎಂದು ಅಮ್ಮಿಗೆ ಹೇಳಿ. ಸಂದರ್ಶನ ಈ ವರ್ಷ ಹೋಯಿತು, ನನಗೂ ಸಂಕಟವಿದೆ. ಆ ಕಾಲೇಜಿನ ಗೇಟಿನ ಮುಂದೆ ಹೋಗುವಾಗ ಬೇರೆ ಕಡೆ ನೋಡುತ್ತೇನೆ. ಥೀಸಿಸ್ಸಿಗೆ ಇನ್ನಷ್ಟು ಸಮಯ ಕೇಳಿದ ಅರ್ಜಿಗೆ ಸರ್ ಸಹಿ ಹಾಕಿದರು. "ನನ್ನ ಪ್ರಬಂಧ ತಿರುಗಿ ಬಂದಾಗ ನನಗ ಇದು ಆಗಲಿಲ್ಲವಾ" ಎಂದರು.

ಇದರ ಜೊತೆಯ ಹಾಳೆಯನ್ನು ಕಾಕಾಗೆ ಕೊಡಿ. ತಿದ್ದಿದ ಪ್ರತಿ ಎಂದು ಹೇಳಿ. ಒಂದೇ ಪುಟವಿದೆ. ನೀವು ಮೊದಲು ಓದಿ. ತಿಳಿಯದ ಒಂದು ಪದವಿದ್ದರೂ ವಾಪಸ್ ಕಳಿಸಿ.

ನಿಮ್ಮ
ಇರ್ಫಾನಾ


ತಿಕೋಟಾ
20 ಏಪ್ರಿಲ್ 2025

ಇರ್ಫಾನಾ,

ಹಬ್ಬದಲ್ಲಿ ನೀನು ಬಂದಾಗ ಈ ವಿಷಯ ಇಬ್ಬರೂ ಎತ್ತಲಿಲ್ಲ. ಸೇವಯಾ ಪಾಯಸ ತಿಂದೆವು, ನಕ್ಕೆವು, ನೀನು ಹೋದೆ. ಬಾಯಿಂದ ಆಗದ್ದನ್ನು ಈಗ ಬರೆಯುತ್ತೇನೆ.

ನಿನ್ನ ಹಾಳೆಯನ್ನು ಹಬ್ಬದ ಮೊದಲೇ ಘೋಣಸಗಿಗೆ ಒಯ್ದು ಕೊಟ್ಟಿದ್ದೆ. ಅಮರಪ್ಪ ನಿಂತಲ್ಲೇ ಓದಿದ. ಹಿಂದೆ ಮುಂದೆ ತಿರುವಿ ನೋಡಿದ. "ಇಷ್ಟ?" ಎಂದ. "ಇಷ್ಟ" ಎಂದೆ. "ಇದನ್ನ ಬರದ್ರ ಪಿಎಚ್‌ಡಿ ಕೊಡತಾರೇನ್ರಿ ಸಾಬ್ರ? ಇದು ನಮಗೂ ಗೊತ್ತಿದ್ದದ್ದ ಐತಿ" ಎಂದ. ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದರೆ ಮೊದಲ ಫಡ ಯಾಕೆ ಕಪ್ಪಾಯಿತು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನು ಆಳುಗಳಿಗೆ ಹೇಳಿ ತೊಟ್ಟಿ ಖಾಲಿ ಮಾಡಿಸುತ್ತಿದ್ದ. ನೀರು ನನ್ನ ಚಪ್ಪಲಿಯ ಕೆಳಗೆ ಹರಿದುಹೋಯಿತು.

ನಿನ್ನ ಹಾಳೆಗೆ ಅವನು ಲ್ಯಾಮಿನೇಶನ್ ಮಾಡಿಸಲಿಲ್ಲ, ಮಾಲೆ ಹಾಕಲಿಲ್ಲ. ಮಡಚಿ ಕಿಸೆಯಲ್ಲಿ ಇಟ್ಟುಕೊಂಡ, ತೊಯ್ದು ಹೋಗಿರಬೇಕು. ಕಂಬ ಖಾಲಿ ಇದೆ.

ನಿನ್ನ ಮೊನ್ನೆಯ ಚೀಟಿ ಸಿಕ್ಕಿತು. ಪತ್ರಿಕೆಯ ಸಂಪಾದಕರು "ಇದು ಈಗಾಗಲೇ ಎಲ್ಲರಿಗೂ ತಿಳಿದ ವಿಷಯವಲ್ಲವೇ" ಎಂದು ಕೇಳಿದ್ದಾರೆ ಎಂದು ಬರೆದಿದ್ದೀಯಲ್ಲ, ಓದಿ ನಗು ಬಂತು. ಅವರೂ ಅಮರಪ್ಪನೂ ಒಂದೇ ಮಾತು ಆಡಿದ್ದಾರೆ. ಏನು ಉತ್ತರ ಬರೆಯುತ್ತೀಯೋ ಬರಿ. ದಪ್ಪ ಮಾಡು ಎಂದು ನಾನು ಇನ್ನು ಹೇಳುವುದಿಲ್ಲ.

ನಿನ್ನೆ ಮತ್ತೆ ಹೋಗಿದ್ದೆ. ಎರಡನೆಯ ಫಡ ಇಳಿಸುತ್ತಿದ್ದರು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಹಸಿರು. ಜೈನಾಪುರದ ಒಬ್ಬ ಬೆಳೆಗಾರ ನೋಡಲು ಬಂದಿದ್ದ. ಅಮರಪ್ಪ ಅವನನ್ನು ತೊಟ್ಟಿಯ ಹತ್ತಿರ ನಿಲ್ಲಿಸಿ ಹೇಳತೊಡಗಿದ, ನಾನು ಪಕ್ಕಕ್ಕೇ ಸರಿದು ಕಿವಿಗೊಟ್ಟೆ. ನೀರಿನ ಕಸುವು ಹೇಗೆ ಇಳಿಯುತ್ತದೆ, ಕೊನೆಯ ಹಣ್ಣು ಯಾಕೆ ತಡವಾಗಿ ಒಣಗುತ್ತದೆ, ಮೇಲೆ ಸುರಿದರೆ ಯಾಕೆ ಆಗುವುದಿಲ್ಲ. ನಿನ್ನ ಇಡೀ ಪ್ರಬಂಧ, ಒಂದು ಮಾತು ಬಿಡದೆ, ಅವನದೇ ಮಾತಿನಲ್ಲಿ. ನಿನ್ನ ಹೆಸರು ಎಲ್ಲೂ ಬರಲಿಲ್ಲ. ಇಪ್ಪತ್ತು ವರ್ಷದಿಂದ ತನಗೆ ಗೊತ್ತಿದ್ದಂತೆ ಹೇಳಿದ. ಆ ಬೆಳೆಗಾರ ನಡುನಡುವೆ ಪ್ರಶ್ನೆ ಕೇಳುತ್ತಿದ್ದ, ಇವನು ಉತ್ತರ ಕೊಡುತ್ತಿದ್ದ.

ನನ್ನ ಬಾಯಿಗೆ ಬಂದಿತ್ತು, ಇದು ನನ್ನ ಮಗಳು ಕಂಡುಹಿಡಿದದ್ದು ಎಂದು. ನುಂಗಿಕೊಂಡೆ. ಯಾಕೆ ನುಂಗಿಕೊಂಡೆನೋ ಗೊತ್ತಿಲ್ಲ, ಆದರೆ ನನಗೆ ಬಹಳ ಹೆಮ್ಮೆಯಾಗಿತ್ತು, ಮಗಳೇ. ಶಾಲು ಹೊದಿಸಿದ ದಿನಕ್ಕಿಂತ ಹೆಚ್ಚು.

ನನಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಅಮರಪ್ಪ ನನ್ನ ಕಡೆ ತಿರುಗಿ, ಇನ್ನೊಮ್ಮೆ ಎಲ್ಲವನ್ನೂ ದೊಡ್ಡ ದನಿಯಲ್ಲಿ, ಕೈಸನ್ನೆ ಮಾಡಿ ತಿಳಿಸಿದ. ಕೊನೆಗೆ, "ತಿಳೀತೇನ್ರಿ ಸಾಬ್ರ?" ಎಂದು ಕೇಳಿದ.

"ತಿಳೀತಪಾ" ಎಂದೆ.

ನಿನ್ನ
ಅಬ್ಬಾ